ಅಲ್ಲಾಡಬೇಡಿ ಮೇಡಂ ಅವರ ಭಾನುವಾರಗಳು

ಮೂವತ್ತನಾಲ್ಕು ವರ್ಷ ಒಂದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಉಳಿಯುವುದು ಕಷ್ಟ. ಗಾಜಿನ ಕಿಟಕಿಯ ಹಿಂದೆ ನಿಂತು ದಿನಕ್ಕೆ ಎಂಬತ್ತು ಸಲ "ಉಸಿರು ಹಿಡೀರಿ, ಅಲ್ಲಾಡಬೇಡಿ" ಎಂದು ಹೇಳಿದ್ದೇ ಹೇಳಿದ್ದು, ಊರಿಗೆಲ್ಲ ಅವರು ಅಲ್ಲಾಡಬೇಡಿ ಮೇಡಂ ಆಗಿಹೋದರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದ ಹೆಸರು. ಬಸ್ಸಿನಲ್ಲಿ ಯಾರಾದರೂ ಎದ್ದು "ಕೂತ್ಕೊಳ್ಳಿ ಅಲ್ಲಾಡಬೇಡಿ ಮೇಡಂ" ಎಂದರೆ ಅವರು ಬೇಸರವಿಲ್ಲದೆ ಕೂರುತ್ತಿದ್ದರು. ಕೂತ ಮೇಲೆ ಆ ಮನುಷ್ಯನನ್ನು ಒಮ್ಮೆ ದಿಟ್ಟಿಸಿ, "ಎಡ ಮೊಣಕೈ ಅಲ್ವಾ ನಿಮ್ದು? ಚಳಿಗೆ ಈಗಲೂ ನೋಯುತ್ತಾ?" ಎಂದು ವಿಚಾರಿಸುತ್ತಿದ್ದರು. ಊರಿನ ಅರ್ಧ ಜನರ ಎಲುಬುಗಳ ಪರಿಚಯ ಅವರಿಗಿತ್ತು.

ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದರು. ಅವರು ಅದನ್ನು ಹೇಳುವ ಧಾಟಿಗೆ ಎರಡನೇ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ, ಬೇಕರಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇದ್ದರು. ಇಂಥವರು ಐವತ್ತೊಂದನೇ ವಯಸ್ಸಿನಲ್ಲಿ ಗಂಡು ಹೆಣ್ಣು ತಬ್ಬಿ ಹಿಡಿದು ಜೋಡಿಯಾಗಿ ಕುಣಿಯುವ ಟ್ಯಾಂಗೋ ಕುಣಿತದ ಹುಚ್ಚಿಗೆ ಬಿದ್ದದ್ದು ಇನ್ನೊಬ್ಬ ಹೆಂಗಸಿನ ಮುರಿದ ಪಾದದ ದೆಸೆಯಿಂದ.

ಆಕೆ ಕುಣಿತ ಕಲಿಸುವ ಟೀಚರಮ್ಮ. ಮೆಟ್ಟಿಲಿನಿಂದ ಜಾರಿ ಪಾದ ಮುರಿದುಕೊಂಡು ಬಂದಿದ್ದರು. ಎಕ್ಸ್‌ರೇ ಮೇಜಿನ ಮೇಲೆ ಮಲಗಿ ನೋವಿಗೆ ಹಲ್ಲು ಕಚ್ಚಿದ್ದರೂ ಅವರ ಕಣ್ಣೆಲ್ಲ ಮೇಡಂ ನಡಿಗೆಯ ಮೇಲೇ ಇತ್ತು. "ನೆಲವನ್ನ ಪಾದದಲ್ಲಿ ಒತ್ತಿ ನಡೀತೀರಿ ನೀವು. ಎಷ್ಟು ಜನಕ್ಕೆ ಹೇಳಿಕೊಟ್ಟರೂ ಅದು ಬರಲ್ಲ. ಒಂದು ಭಾನುವಾರ ಬನ್ನಿ" ಎಂದರು. "ಅಲ್ಲಾಡಬೇಡಿ" ಎಂದಷ್ಟೇ ಹೇಳಿ ಮೇಡಂ ಗಾಜಿನ ಹಿಂದೆ ಹೋದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರ ನಡಿಗೆಯ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಟೀಚರಮ್ಮನ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮೇಡಂ ಒಂದು ಜೊತೆ ಡಾನ್ಸ್ ಷೂ ಕೊಂಡಾಗಿತ್ತು.

ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ, ಅಂಚೆ ನೌಕರರ ಸಂಘದ ಹಾಲ್‌ನಲ್ಲಿ ಕುಣಿತ. ಮರದ ಹಲಗೆಯ ನೆಲ, ಉದ್ದನೆಯ ಕಿಟಕಿಗಳು, ಒಂದು ಗೋಡೆಗೆ ಹೆಂಗಸರ ಕುರ್ಚಿ ಸಾಲು, ಎದುರು ಗೋಡೆಗೆ ಗಂಡಸರದು. ಅಲ್ಲಿಯ ರೀತಿ ರಿವಾಜು ಬೇರೆಯೇ. ಯಾರೂ ಯಾರ ಬಳಿಗೂ ಹೋಗಿ "ಬನ್ನಿ ಕುಣಿಯೋಣ" ಎಂದು ಬಾಯಿಬಿಟ್ಟು ಕರೆಯುವಂತಿಲ್ಲ. ಕೂತಲ್ಲಿಂದಲೇ ನೋಡಬೇಕು. ಕಣ್ಣಿಗೆ ಕಣ್ಣು ಸೇರಿದರೆ ಗಂಡಸು ತಲೆಯನ್ನು ಒಂದಿಷ್ಟೇ ಮುಂದಕ್ಕೆ ಬಾಗಿಸುತ್ತಾನೆ. ಇಷ್ಟವಿದ್ದರೆ ಹೆಂಗಸೂ ಹಾಗೇ ಬಾಗಿಸುತ್ತಾಳೆ. ಬೇಡವಾದರೆ ನೋಟ ಬೇರೆ ಕಡೆ ಹೊರಳಿಸುತ್ತಾಳೆ, ಇಲ್ಲವೇ ಕಂಡೂ ಕಾಣದಷ್ಟು ತಲೆಯನ್ನು ಅಡ್ಡಡ್ಡ ಆಡಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಪಕ್ಕದವರಿಗೂ ಗೊತ್ತಾಗುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ನಾಲ್ಕು ಜನರ ಎದುರು ಹಾಲ್ ದಾಟಿ ಹೋಗಿ, ಬೇಡ ಅನ್ನಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ವಾಪಸ್ ಬರುವ ಸಂಕಟ ಯಾರಿಗೂ ಬರಬಾರದು ಎಂದು ಯಾವ ಪುಣ್ಯಾತ್ಮರು ಇದನ್ನು ಮಾಡಿದರೋ, ಅವರಿಗೆ ಒಂದು ನಮಸ್ಕಾರ ಹಾಕಬೇಕು.

"ಬೇಡ ಅಂದವರನ್ನ ಯಾಕೆ ಅಂತ ಕೇಳಬಾರದು. ಅವತ್ತೂ ಕೇಳಬಾರದು, ಮುಂದೆಂದೂ ಕೇಳಬಾರದು" ಎಂದು ಟೀಚರಮ್ಮ ಮೊದಲ ಪಾಠದಲ್ಲೇ ಎಲ್ಲರ ಕಿವಿ ಹಿಂಡಿದ್ದರು.

ಇನ್ನೊಂದು ರಿವಾಜು ಮೇಡಂಗೆ ಪೆಟ್ಟು ತಿಂದೇ ಗೊತ್ತಾದದ್ದು. ಹಾಡುಗಳು ನಾಲ್ಕು ನಾಲ್ಕರ ಸುತ್ತಿನಲ್ಲಿ ಬರುತ್ತವೆ. ಒಬ್ಬರ ಜೊತೆ ಎದ್ದರೆ ನಾಲ್ಕೂ ಹಾಡು ಅವರ ಜೊತೆಗೇ ಕುಣಿಯುವುದು ಮರ್ಯಾದೆ. ಹೊಸದರಲ್ಲಿ ಮೇಡಂ ಜೊತೆ ಲಿಫ್ಟ್ ರಿಪೇರಿ ಮಾಡುವವರೊಬ್ಬರು ಎದ್ದರು. ಗಿಡ್ಡ ಆಳು, ಮಿತಭಾಷಿ, ನಿಂತರೆ ಲಿಫ್ಟು ಮಹಡಿಗೆ ಸರಿಯಾಗಿ ನಿಂತ ಹಾಗೆ ಒಂದಿಷ್ಟೂ ಜಗ್ಗಾಟವಿಲ್ಲದೆ ನಿಲ್ಲುವವರು. ಮೊದಲ ಹಾಡು ಮುಗಿದಾಗ ಮೇಡಂಗೆ ಎಷ್ಟು ಸಂತೋಷವಾಯಿತೆಂದರೆ, "ಥ್ಯಾಂಕ್ಸ್" ಎಂದುಬಿಟ್ಟರು. ಆ ಮನುಷ್ಯ ತುಟಿ ಪಿಟಕ್ಕೆನ್ನದೆ ಅವರನ್ನು ಕುರ್ಚಿಯವರೆಗೆ ಕರೆತಂದು ಕೂರಿಸಿ ಹೋದರು. ಸುತ್ತಿನ ನಡುವೆ ಥ್ಯಾಂಕ್ಸ್ ಹೇಳಿದರೆ "ನಿಮ್ಮ ಜೊತೆ ಇಷ್ಟು ಸಾಕು" ಎಂದರ್ಥವಂತೆ. ಮೇಡಂ ಮುಖ ಕೆಂಪಗಾಯಿತು. ಮುಂದಿನ ವಾರ ಅವರೇ ಮತ್ತೆ ಲಿಫ್ಟ್‌ನವರ ಕಡೆ ನೋಡುತ್ತ ಕೂತರು, ಅವರು ತಲೆ ಬಾಗಿಸಿದಾಗ ಎದ್ದು, ನಾಲ್ಕು ಹಾಡು ಮುಗಿಯುವವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಂದಿನಿಂದ ಪ್ರತಿ ವಾರ ಒಂದು ಸುತ್ತು ಅವರಿಬ್ಬರದು ಎಂಬುದು ಹೇಳದೆ ಕೇಳದೆ ರೂಢಿಯಾಯಿತು.

ಹೀಗೆ ಎಂಟು ವರ್ಷ. ಮಾತಿಲ್ಲದೆ ಕರೆಯುವ, ಮಾತಿಲ್ಲದೆ ಒಪ್ಪುವ ಆ ಮೂರು ಗಂಟೆಗಾಗಿ ಮೇಡಂ ವಾರವಿಡೀ ಬೇರೆಯವರ ಮುರಿದ ಎಲುಬು ನೋಡುತ್ತಿದ್ದರು ಎಂದರೂ ತಪ್ಪಿಲ್ಲ.

ನಿವೃತ್ತಿಯಾದ ಕೆಲವು ತಿಂಗಳಿಗೆ ಅದು ನಿಂತುಹೋಯಿತು. ಮೇಡಂ ನೋಡುತ್ತಿದ್ದರು. ಎದುರು ಸಾಲಿನವರೂ ನೋಡುತ್ತಿದ್ದರು. ಆದರೆ ಕಣ್ಣು ಸೇರಿದ ಮರುಗಳಿಗೆಯೇ ಅವರು ಮುಖ ತಿರುಗಿಸುತ್ತಿದ್ದರು. ಮೊದಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು, ಕೊನೆಗೆ ಲಿಫ್ಟ್‌ನವರೂ. ಮೇಡಂ ಹೊಸ ಷೂ ಕೊಂಡರು, ಕೂದಲಿನ ಬಣ್ಣ ಬದಲಾಯಿಸಿದರು, ಕಿಟಕಿ ಬೆಳಕು ಮುಖಕ್ಕೆ ಬೀಳುವ ಕುರ್ಚಿಗೆ ಹೋಗಿ ಕೂತರು. ಊಹೂಂ. ಮೂರು ಗಂಟೆ ಗೋಡೆಗೆ ಒರಗದೆ ನೆಟ್ಟಗೆ ಕೂತು ಪರರ ಪಾದ ನೋಡಿ, ಆರಕ್ಕೆ ಷೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುವುದು. ಕುಣಿಯದ ಕಾಲು ಹೆಚ್ಚು ನೋಯುತ್ತಿತ್ತು.

ಯಾರನ್ನು ಕೇಳುವುದು? ಯಾಕೆ ಎಂದು ಕೇಳಬಾರದು ಎಂಬ ಪಾಠವನ್ನು ಅವರೂ ಕಲಿತವರೇ ತಾನೆ.

ಆ ವರ್ಷ ಮನೆಯಲ್ಲೂ ಗ್ರಹಚಾರ ನೆಟ್ಟಗಿರಲಿಲ್ಲ. ಅಕ್ಕ ಮುಖ ಊದಿಸಿಕೊಂಡೇ ಓಡಾಡುತ್ತಿದ್ದರು. "ನಿನ್ನ ಹತ್ರ ಮಾತಾಡೋದೇ ದಂಡ ಕಣೆ. ಏನು ಹೇಳಿದ್ರೂ ಬೇಡ ಅಂತೀಯ" ಎಂದು ಒಂದು ದಿನ ಸಿಡುಕಿದರು. "ನಾನೆಲ್ಲಿ ಬೇಡ ಅಂದೆ?" ಎಂದರೆ, "ಬಾಯಿಬಿಟ್ಟು ಬೇರೆ ಅನ್ಬೇಕಾ?" ಎಂದು ಒಳಗೆ ಹೋದರು. ಎರಡನೇ ಲೋಟ ಟೀ ಬೇಕಾ ಎಂದು ಕೇಳುವುದನ್ನೇ ಅಕ್ಕ ಬಿಟ್ಟರು. ತರಕಾರಿ ಅಂಗಡಿಯವನು ಎತ್ತಿಕೊಟ್ಟ ಹೂಕೋಸನ್ನು ತಾನೇ ವಾಪಸ್ ಇಟ್ಟು, ಇನ್ನೂ ಚೆನ್ನಾಗಿರುವುದನ್ನು ಹುಡುಕಿ ಕೊಡುತ್ತಿದ್ದ. ಲೋಕಕ್ಕೇ ತನ್ನ ಬಗ್ಗೆ ಏನೋ ಆಗಿದೆ ಎಂದು ಮೇಡಂ ತಲೆ ಕೆಡಿಸಿಕೊಂಡರು. ಕೊನೆಗೆ ಹದಿನಾಲ್ಕನೇ ತಿಂಗಳಲ್ಲಿ, ವಯಸ್ಸಾಯಿತು, ಅಷ್ಟೇ, ಇನ್ನು ಹೋಗಿ ಕೂರುವುದು ಮಾನಗೇಡು ಎಂದು ತೀರ್ಮಾನಿಸಿ, ಷೂಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಸುತ್ತುವಾಗ ಅತ್ತರು ಎಂದೂ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ.

ಅದೇ ವಾರ ದವಡೆ ಹಲ್ಲು ನೋಯತೊಡಗಿತು. ಹಲ್ಲಿನ ಡಾಕ್ಟರು ಇಡೀ ದವಡೆಯ ಎಕ್ಸ್‌ರೇ ಬೇಕು ಎಂದರು. ಮೇಡಂ ತಮ್ಮ ಹಳೆಯ ಆಸ್ಪತ್ರೆಗೇ ಹೋದರು. ಈಗ ಅಲ್ಲಿ ಅವರ ಜಾಗದಲ್ಲಿದ್ದವಳು ಹದಿನೈದು ವರ್ಷ ಅವರ ಕೈಕೆಳಗೇ ಪಳಗಿದವಳು. ಮೇಡಂ ಅವರನ್ನು ಯಂತ್ರದ ಮುಂದೆ ನಿಲ್ಲಿಸಿ, ಕೊಂಚ ನಾಚಿಕೊಂಡೇ, "ಅಲ್ಲಾಡಬೇಡಿ" ಎಂದಳು. ಇಬ್ಬರಿಗೂ ನಗು ಬಂತು. ಯಂತ್ರದ ತೋಳು ತಲೆಯ ಸುತ್ತ ಗುಂಯ್ ಎಂದು ನಿಧಾನವಾಗಿ ಒಂದು ಸುತ್ತು ಬಂತು.

ಪರದೆಯ ಮೇಲೆ ಚಿತ್ರ ಮೂಡಿದಾಗ ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. ದವಡೆಯ ಕೆಳಗಿನ ಗೆರೆ ನೇರವಾಗಿರಬೇಕಾದದ್ದು ಅಲೆಅಲೆಯಾಗಿತ್ತು. ಇಂಥ ಚಿತ್ರ ಅವರು ಸಾವಿರ ಕಂಡಿದ್ದರು, ಹರಿದು ಎಸೆದಿದ್ದರು.

"ಇದೇನೆ ಹೀಗೆ ತೆಗೆದಿದ್ದೀಯ? ಪೇಷೆಂಟು ಅಲ್ಲಾಡಿದ್ದಾರೆ" ಎಂದರು, ಹಳೆಯ ಅಭ್ಯಾಸದ ಗತ್ತಿನಲ್ಲೇ.

ಅವಳು ಪರದೆಯಿಂದ ಕಣ್ಣು ತೆಗೆದು ಮೇಡಂ ಕಡೆ ನೋಡಿದಳು. "ಪೇಷೆಂಟು ನೀವೇ ಅಲ್ವಾ ಮೇಡಂ" ಎಂದಳು.

"ನಾನು ಅಲ್ಲಾಡಿಲ್ಲ."

"ಈಗಲೂ ಅಲ್ಲಾಡ್ತಾ ಇದೆ ಮೇಡಂ." ಅವಳು ಮೆಲ್ಲಗೆ ಫೋನು ತೆಗೆದು ಅರ್ಧ ನಿಮಿಷ ವಿಡಿಯೋ ಮಾಡಿ ತೋರಿಸಿದಳು.

ಫೋನಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಆಕೆಯ ತಲೆ ಸಣ್ಣಗೆ, ಬಿಡುವಿಲ್ಲದೆ, ಅಡ್ಡಡ್ಡ ಆಡುತ್ತಿತ್ತು. ಬೇಡ ಬೇಡ ಬೇಡ, ಎಂದು. ಕನ್ನಡಿಯಲ್ಲಿ ಇದು ಎಂದೂ ಕಂಡಿರಲಿಲ್ಲ. ಕನ್ನಡಿ ಮುಂದೆ ನಿಂತಾಗ ಒಂದಲ್ಲ ಒಂದು ಕೈ ಮುಖದ ಮೇಲೋ ಕೂದಲ ಮೇಲೋ ಇರುತ್ತಿತ್ತಲ್ಲ. ಮೇಡಂ ಸ್ಟೂಲು ಎಳೆದುಕೊಂಡು ಕೂತರು. ಅವರ ಮನಸ್ಸು ಹಲ್ಲಿನ ಕಡೆ ಹೋಗಲಿಲ್ಲ, ರೋಗದ ಕಡೆಯೂ ಹೋಗಲಿಲ್ಲ. ನೇರ ಅಂಚೆ ನೌಕರರ ಹಾಲ್‌ಗೆ ಹೋಯಿತು. ಹದಿನಾಲ್ಕು ತಿಂಗಳ ಒಂದೊಂದು ಭಾನುವಾರವೂ ಕಣ್ಣ ಮುಂದೆ ಬಂತು. ಅವರೆಲ್ಲ ಕರೆದಿದ್ದರು. ಕರೆದವರಿಗೆಲ್ಲ ಬೇಡ ಎಂದವರು ತಾವೇ.

"ಇನ್ನೊಂದ್ಸಲ ತೆಗಿ" ಎಂದರು. ಎರಡನೇ ಸಲ ಯಂತ್ರದ ಮುಂದೆ ನಿಂತಾಗ ಹಲ್ಲು ಚುರ್ರೆಂದಿತು, ತಿಳಿಯದೆ ಬೆರಳು ಕೆನ್ನೆಗೆ ಹೋಯಿತು. ಈ ಸಲದ ಚಿತ್ರದಲ್ಲಿ ದವಡೆಯ ಪಕ್ಕ ಬೆರಳಿನ ಮೂಳೆಯ ನೆರಳೂ ಬಿದ್ದಿತ್ತು. ಡಾಕ್ಟರು ನೋಡಿದರೆ ಬೈಯುವಂಥ ಚಿತ್ರ. ಆದರೆ ದವಡೆಯ ಗೆರೆ ದಾರ ಹಿಡಿದು ಎಳೆದ ಹಾಗೆ ನೇರವಾಗಿತ್ತು.

ನರಗಳ ಡಾಕ್ಟರು ಎಲ್ಲ ನೋಡಿ, ಪ್ರಾಣಕ್ಕೇನೂ ಅಪಾಯವಿಲ್ಲ, ಕೆಲವರಿಗೆ ವಯಸ್ಸಿನ ಜೊತೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಕೆನ್ನೆಗೆ ಬೆರಳು ತಾಗಿಸಿದರೆ ಕೆಲವರಿಗೆ ಆ ಹೊತ್ತಿಗೆ ನಿಲ್ಲುತ್ತದಂತೆ. ಮನೆಗೆ ಬಂದು ಅಕ್ಕನಿಗೆ ಹೇಳಿದಾಗ ಅಕ್ಕ ಬಾಗಿಲಿಗೆ ಒರಗಿ ನಿಂತುಬಿಟ್ಟರು. "ಒಂದು ವರ್ಷದಿಂದ ನಿನಗೆ ಎರಡನೇ ಲೋಟ ಟೀ ಕೊಟ್ಟಿಲ್ಲವಲ್ಲೇ ನಾನು" ಎಂದವರೇ ಅಡುಗೆಮನೆಗೆ ಹೋಗಿ, ಹಳೆಯ ಬಾಕಿಯೆಲ್ಲ ತೀರಿಸುವವರ ಹಾಗೆ ಒಂದು ಪಾತ್ರೆ ತುಂಬ ಟೀ ಇಟ್ಟರು. ಇಬ್ಬರೂ ಕುಡಿದರು, ನಕ್ಕರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಮೇಲೆ ಮೇಡಂ ಟೀಚರಮ್ಮನಿಗೆ ಫೋನು ಮಾಡಿದರು.

"ನಿಜ ಹೇಳಿ. ಹಾಲ್‌ನಲ್ಲಿ ನಾನು ಕೂತಿರ್ತೀನಲ್ಲ, ಏನು ಮಾಡ್ತಿರ್ತೀನಿ?"

ಟೀಚರಮ್ಮ ಮುಚ್ಚುಮರೆ ಮಾಡಲಿಲ್ಲ. "ಎಲ್ಲರಿಗೂ ಬೇಡ ಅಂತಿರ್ತೀರಿ. ಒಬ್ಬರು ನಿಮಗೆ ಮಂಡಿನೋವು ಅಂದ್ರು. ಒಬ್ಬರು ರಿಟೈರ್ ಆದ್ಮೇಲೆ ಜಂಬ ಬಂತು ಅಂದ್ರು. ನಾನು, ಅವರಿಗೆ ಬಂದು ಹಾಡು ಕೇಳೋದೇ ಇಷ್ಟ ಇರಬಹುದು, ಬಿಡಿ ಅಂದೆ."

"ಒಂದು ಮಾತು ನನ್ನ ಕೇಳಬಾರದಿತ್ತಾ?"

"ಕೇಳಬಾರದು ಅಂತ ಪಾಠ ಮಾಡಿದವಳೇ ನಾನಲ್ವಾ" ಎಂದರು ಟೀಚರಮ್ಮ, ಸೋತ ದನಿಯಲ್ಲಿ.

ಮೇಡಂ ವಿಷಯವನ್ನೆಲ್ಲ ಹೇಳಿದರು. ಟೀಚರಮ್ಮ ಮುಂದಿನ ಭಾನುವಾರವೇ ಹಾಲ್‌ನಲ್ಲಿ ಎಲ್ಲರಿಗೂ ತಿಳಿಸುತ್ತೇನೆ ಎಂದರು. ಮೇಡಂ ಖಡಾಖಂಡಿತವಾಗಿ ಬೇಡ ಎಂದರು, ಈ ಸಲ ಬಾಯಿಂದಲೇ. "ನೀವು ಹೇಳಿದ್ರೆ ಎಲ್ಲರೂ ಪಾಪ ಅಂತ ಎದ್ದು ಬರ್ತಾರೆ. ಪಾಪ ಅಂತ ಕುಣಿಯೋರ ಜೊತೆ ಕುಣಿಯೋದಕ್ಕಿಂತ ಗೋಡೆ ನೋಡ್ಕೊಂಡು ಕೂರ್ತೀನಿ. ನನ್ನ ಜೊತೆ ಕುಣೀಬೇಕು ಅಂತ ಆಸೆ ಇರೋರು ಯಾರಾದ್ರೂ ಉಳಿದಿದ್ದಾರಾ, ಅಷ್ಟು ಗೊತ್ತಾದ್ರೆ ಸಾಕು ನಂಗೆ."

"ಒಬ್ಬರು ಇದ್ದಾರೆ. ಲಿಫ್ಟ್‌ನವರು. ಬೇರೆಯವರೆಲ್ಲ ಎರಡು ತಿಂಗಳಿಗೇ ಬಿಟ್ಟುಬಿಟ್ಟರು. ಅವರು ಪ್ರತಿ ವಾರ ಒಂದೇ ಒಂದು ಸಲ ನಿಮ್ಮ ಕಡೆ ನೋಡ್ತಾರೆ. ಎರಡನೇ ಸಲ ನೋಡಿ ಪೀಡಿಸಲ್ಲ. ಹೋದ ವಾರವೂ ನೋಡಿದ್ರು. ಈ ವಾರ ನೋಡ್ತಾರಾ, ಅದು ನಂಗೊತ್ತಿಲ್ಲ."

ಫೋನು ಇಟ್ಟ ಮೇಲೆ ಮೇಡಂ ಬಹಳ ಹೊತ್ತು ಕಿಟಕಿಯ ಬಳಿ ಕೂತಿದ್ದರು. ಕೆಳಗಿನ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಹದಿನಾಲ್ಕು ತಿಂಗಳೆಂದರೆ ಅರವತ್ತು ಭಾನುವಾರ. ಅರವತ್ತು ಸಲ ಬೇಡ ಎನ್ನಿಸಿಕೊಂಡೂ ಒಬ್ಬ ಮನುಷ್ಯ ಕೋಪಿಸಿಕೊಂಡಿಲ್ಲ, ಯಾರ ಹತ್ತಿರವೂ ಆಡಿಕೊಂಡಿಲ್ಲ, ಮುಂದಿನ ವಾರ ಮತ್ತೆ ಕತ್ತೆತ್ತಿ ನೋಡಿದ್ದಾನೆ. ಮೇಡಂ ಎದ್ದರು. ಬೀರುವಿನ ಮೇಲಿಂದ ಷೂ ಇಳಿಸಿ, ಪೇಪರು ಬಿಚ್ಚಿ, ಬಟ್ಟೆಯಿಂದ ಒರೆಸಿಟ್ಟರು.

ಭಾನುವಾರ ಅವರು ಕುರ್ಚಿಯನ್ನು ಕಿಟಕಿಯ ಕಟ್ಟೆಗೆ ಹತ್ತಿರ ಎಳೆದುಕೊಂಡು, ಕಟ್ಟೆಯ ಮೇಲೆ ಮೊಣಕೈ ಊರಿ, ತೋರುಬೆರಳನ್ನು ಕೆನ್ನೆಗೆ ತಾಗಿಸಿ ಕೂತರು. ತಲೆ ನಿಂತಿತು. ಮೊದಲ ಸುತ್ತಿನಲ್ಲಿ ಲಿಫ್ಟ್‌ನವರು ಬೇರೆ ಯಾರ ಜೊತೆಯೋ ಎದ್ದರು. ಎರಡನೇ ಸುತ್ತಿಗೆ ಬಗ್ಗಿ ಷೂ ಲೇಸು ಕಟ್ಟಿಕೊಳ್ಳುತ್ತ ಕೂತರು, ತಲೆ ಎತ್ತಲೇ ಇಲ್ಲ. ಮೂರನೇ ಸುತ್ತಿಗೆ ನೀರು ಕುಡಿಯಲು ಹೋದರು. ಕಳೆದ ವಾರವೇ ಕೊನೆಯದಾಗಿತ್ತೇನೋ ಎಂದು ಮೇಡಂ ಹೆದರಿದರು. ಅರವತ್ತು ವಾರ ಕಾದವರು ಅರವತ್ತೊಂದನೇ ವಾರ ಬೇಸತ್ತರೆ ತಪ್ಪೆನ್ನಲು ಯಾರಿಗೆ ಬಾಯಿದೆ?

ನಾಲ್ಕನೇ ಸುತ್ತಿಗೆ ಮುಂಚೆ ಅವರು ಬಂದು ಕೂತು, ಲೋಟ ಕೆಳಗಿಟ್ಟು, ನೋಡಿದರು. ಅಭ್ಯಾಸಬಲದಿಂದ ನೋಟ ಆಗಲೇ ಬೇರೆ ಕಡೆ ಹೊರಳುತ್ತಿತ್ತು, ಅರ್ಧ ದಾರಿಯಲ್ಲಿ ನಿಂತು ವಾಪಸ್ ಬಂತು. ಮೇಡಂ ಬೆರಳನ್ನು ಕದಲಿಸದೆ, ಬೇಕೆಂದೇ, ಎಲ್ಲರಿಗೂ ಕಾಣುವಷ್ಟು ಢಾಳಾಗಿ ತಲೆ ಬಾಗಿಸಿದರು. ಲಿಫ್ಟ್‌ನವರು ಹಿಂದೆ ತಿರುಗಿ ಯಾರಿದ್ದಾರೆ ಎಂದು ನೋಡಿದರು. ಹಿಂದೆ ಬರೀ ಗೋಡೆ. ನಾನಾ ಎಂದು ಹುಬ್ಬೇರಿಸಿದರು. ಮೇಡಂ ಇನ್ನೊಮ್ಮೆ ತಲೆ ಬಾಗಿಸಿದರು. ಅವರು ಕೋಟಿನ ಗುಂಡಿ ಹಾಕಿಕೊಂಡು ಹಾಲ್ ದಾಟಿ ಬಂದು ಕೈ ಚಾಚಿದರು.

ಮೇಡಂ ಎದ್ದು ನಿಂತರು. ಅವರ ಕೈಗೆ ಕೈ ಕೊಡಲು ಬೆರಳನ್ನು ಕೆನ್ನೆಯಿಂದ ತೆಗೆದರು. ತೆಗೆದದ್ದೇ ತಡ, ತಲೆ ಅಡ್ಡಡ್ಡ ಆಡತೊಡಗಿತು. ಮೈಯೆಲ್ಲ ಅಳುಕಿದ್ದಕ್ಕೋ ಏನೋ, ಎಂದಿಗಿಂತ ಜೋರಾಗಿಯೇ. ಲಿಫ್ಟ್‌ನವರ ಮುಖ ಸಣ್ಣದಾಯಿತು. ಆದರೂ ಮರ್ಯಾದಸ್ಥ, ಬೇಡ ಎಂದರೆ ಬೇಡ. ತುಟಿ ಬಿಚ್ಚದೆ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು, ಒಂದು ಹೆಜ್ಜೆ ಹಿಂದೆ ಸರಿದರು. ಮಾತಿಲ್ಲದ ರಿವಾಜು ಇಲ್ಲಿಗೆ ಮುಗಿದಿತ್ತು. ಇನ್ನು ಬಾಯಿ ಬಿಡದೆ ಗತಿಯಿರಲಿಲ್ಲ.

"ಅದು ನನ್ನ ತಲೆ, ನಾನಲ್ಲ" ಎಂದರು ಮೇಡಂ. "ಅದು ತಾನಾಗೇ ಆಡುತ್ತೆ. ನಂಗೂ ಗೊತ್ತಿರಲಿಲ್ಲ. ನಾನು ಬರ್ತೀನಿ."

ಲಿಫ್ಟ್‌ನವರು ಆ ತಲೆಯನ್ನೂ, ಅದರಲ್ಲಿದ್ದ ಕಣ್ಣುಗಳನ್ನೂ ಒಂದಿಷ್ಟು ಹೊತ್ತು ನೋಡಿದರು.

"ಎಷ್ಟು ದಿನದಿಂದ?"

"ಹದಿನಾಲ್ಕು ತಿಂಗಳಾಯ್ತು ಅನ್ಸುತ್ತೆ."

"ಹಾಗಾದ್ರೆ ಅಷ್ಟೂ ದಿನ..."

"ಹೂಂ. ಒಂದು ಸಲವೂ ನಾನು ಬೇಡ ಅಂದಿಲ್ಲ."

ಲಿಫ್ಟ್‌ನವರು ಹಿಂದಕ್ಕೆ ಎಳೆದುಕೊಂಡಿದ್ದ ಕೈಯನ್ನು ಮತ್ತೆ ಮುಂದೆ ಚಾಚಿದರು. ಹಾಡು ಶುರುವಾಯಿತು. ಮೇಡಂ ಹಣೆಯ ಪಕ್ಕ ಅವರ ಹಣೆಯ ಪಕ್ಕಕ್ಕೆ ತಾಗಿತು, ತಲೆ ತಾನಾಗಿ ನಿಂತಿತು. ಬೆರಳಿನ ಅಗತ್ಯ ಬೀಳಲಿಲ್ಲ. ಮೊದಲ ನಾಲ್ಕು ಹೆಜ್ಜೆ ಇಬ್ಬರದೂ ತಡವರಿಸಿತು, ಐದನೆಯದಕ್ಕೆ ಪಾದ ನೆಲವನ್ನು ಗುರುತು ಹಿಡಿಯಿತು.

ಮೊದಲ ಹಾಡು ಮುಗಿದಾಗ ಥ್ಯಾಂಕ್ಸ್ ಎಂಬ ಮಾತು ಮೇಡಂ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದರು, ನೋಯುವ ಹಲ್ಲು. ಎರಡನೇ ಹಾಡಿಗೂ ಮೂರನೇ ಹಾಡಿಗೂ ನಡುವೆ ಲಿಫ್ಟ್‌ನವರೇ ನೆಲ ನೋಡುತ್ತ ಹೇಳಿದರು, "ಕೈಗೆ ಗ್ರೀಸ್ ವಾಸನೆ ಇರುತ್ತಲ್ಲ, ಅದಕ್ಕೆ ಬೇಡ ಅಂತಿದೀರಿ ಅಂದ್ಕೊಂಡಿದ್ದೆ. ಮೂರು ಸಲ ಸೋಪು ಬದಲಾಯಿಸಿದೆ." ಮೇಡಂಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಒಬ್ಬರು ಕೂದಲಿನ ಬಣ್ಣ, ಒಬ್ಬರು ಸೋಪು. ತಪ್ಪನ್ನು ಇಬ್ಬರೂ ತಮ್ಮ ತಮ್ಮ ಮನೆಯ ಬಚ್ಚಲಲ್ಲೇ ಹುಡುಕಿದ್ದರು.

ನಾಲ್ಕನೇ ಹಾಡು ನಿಂತಿತು. ಉಳಿದ ಜೋಡಿಗಳು ಕುರ್ಚಿಗಳ ಕಡೆ ಹೊರಟವು. ಮೇಡಂ ಹೊರಡಲಿಲ್ಲ. ಅವರ ತಲೆ ಮತ್ತೆ ಅಡ್ಡಡ್ಡ ಆಡಲು ಶುರುಮಾಡಿತ್ತು, ಅದರ ಪಾಡಿಗೆ ಅದು ಆಡಲಿ ಎಂದು ಬಿಟ್ಟರು.

"ಥ್ಯಾಂಕ್ಸ್" ಎಂದರು.

"ನಾಲ್ಕು ಹಾಡಿಗಾ?"

"ಅಲ್ಲ. ಪ್ರತಿ ವಾರ ನೋಡಿದಿರಲ್ಲ, ಅದಕ್ಕೆ."

ಲಿಫ್ಟ್‌ನವರು ತಲೆ ಬಾಗಿಸಿದರು, ಕರೆಯುವಾಗ ಬಾಗಿಸುತ್ತಾರಲ್ಲ, ಅಷ್ಟೇ ಸಣ್ಣಗೆ. ಆಮೇಲೆ ತೋಳು ಕೊಟ್ಟು ಅವರನ್ನು ಕಿಟಕಿಯ ಪಕ್ಕದ ಕುರ್ಚಿಯವರೆಗೆ ಬಿಟ್ಟುಬಂದರು.